ಆಗುಂಬೆ ಘಾಟಿ ಹತ್ತಿಸಿ ನೋಡಿದ ಏರ್ ಇಂಟೇಕ್

ಅಡಿಕೆ ತೋಟಕ್ಕೆ ನೀರು ಹಾಯಿಸುವ 63 ಎಂಎಂ ಪಿವಿಸಿ ಪೈಪು ಶಿವಮೊಗ್ಗದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. 1.2 ಲೀಟರಿನ ಪೆಟ್ರೋಲ್ ಕಾರಿಗೆ ಮಾಡಿದ ಮೊದಲ ಇಂಟೇಕ್, ಅಂದರೆ ಫಿಲ್ಟರಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಪೈಪು, ಅದರದ್ದೇ. ಒಳಗೆ ಮರಳು ತುಂಬಿ, ಹಾಟ್ ಏರ್ ಗನ್ನಿನಿಂದ ಕಾಯಿಸಿ ಬಗ್ಗಿಸಿದರೆ ಪೈಪು ಚಪ್ಪಟೆಯಾಗುವುದಿಲ್ಲ. ಎಂಜಿನ್ ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ, ಹಾಗಾಗಿ ಅದು ಅಳತೆಗೆ, ಪರೀಕ್ಷೆಗೆ ಮಾತ್ರ. ಆಕಾರ ಕೂತ ಮೇಲೆ ಅಲ್ಯೂಮಿನಿಯಂ. ಎಂಜಿನ್ ತನ್ನ ಮೌಂಟಿನ ಮೇಲೆ ಅಲ್ಲಾಡುವುದರಿಂದ ಬಾನೆಟ್ಟಿಗೂ ಪೈಪಿಗೂ ನಡುವೆ 20 ಎಂಎಂ ಆದರೂ ಬಿಡಬೇಕು.

"75 ಎಂಎಂ ಹಾಕಿ, ಪಿಕಪ್ ನೋಡಿ" ಎನ್ನುವವರು ಬಹಳ. ಲೆಕ್ಕ ಬೇರೆ ಹೇಳುತ್ತದೆ. ಈ ಎಂಜಿನ್ 6000 ಆರ್‌ಪಿಎಂನಲ್ಲಿ ಎಳೆಯುವುದು ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ. 60 ಎಂಎಂ ಒಳ ಅಳತೆಯಲ್ಲಿ ಅದರ ವೇಗ ಸೆಕೆಂಡಿಗೆ 18 ಮೀಟರ್ ಆಗುತ್ತದೆ, ಅದೇನೂ ಉಸಿರುಗಟ್ಟುವ ವೇಗವಲ್ಲ. ಎಷ್ಟು ತಡೆಯಿದೆ ಎಂದು ನೋಡಲು ಪಾರದರ್ಶಕ ಟ್ಯೂಬನ್ನು U ಆಕಾರಕ್ಕೆ ಹಲಗೆಗೆ ಕಟ್ಟಿ, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಫಿಲ್ಟರಿಗೂ ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲಾದ ಥ್ರಾಟಲ್‌ಗೂ ಮಧ್ಯೆ ಚುಚ್ಚಿದರೆ ಸಾಕು. ಎರಡು ಬದಿಯ ನೀರಿನ ಮಟ್ಟದಲ್ಲಿ 100 ಎಂಎಂ ವ್ಯತ್ಯಾಸ ಬಂದರೆ ಒಂದು ಕಿಲೋಪಾಸ್ಕಲ್. ಕಾರಿನ ಜೊತೆಗೇ ಬಂದ ಕಂಪನಿ ಫಿಲ್ಟರ್ ಬಾಕ್ಸಿನಲ್ಲಿ ವ್ಯತ್ಯಾಸ 200 ಎಂಎಂ ಹತ್ತಿರ ನಿಂತಿತು. ಶಿವಮೊಗ್ಗದ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು 95 ಕಿಲೋಪಾಸ್ಕಲ್. ಅಂದರೆ ತಡೆಯನ್ನೆಲ್ಲ ತೆಗೆದುಹಾಕಿದರೂ ಸಿಗುವುದು ನೂರಕ್ಕೆ ಎರಡು.

ಆ ಎರಡನ್ನು ನುಂಗಲು ಬಿಸಿ ಗಾಳಿ ಕಾದಿರುತ್ತದೆ. ಹತ್ತು ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಇದನ್ನು ಒರೆಗೆ ಹಚ್ಚಲು ಆಗುಂಬೆಯಂಥ ಜಾಗ ಇನ್ನೊಂದಿಲ್ಲ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವು. ಸೆಕೆಂಡ್ ಗೇರ್, ಎಂಜಿನ್ ಕೂಗುತ್ತಿರುತ್ತದೆ, ಮುಂದಿನಿಂದ ಬೀಸುವ ಗಾಳಿ ಮಾತ್ರ ಇಲ್ಲ. ಕಾರಿನ ಸೆನ್ಸರುಗಳ ಅಂಕಿ ಫೋನಿಗೆ ಕಳಿಸುವ ಓಬಿಡಿ ಡಾಂಗಲ್ ಹಾಕಿ ಫೋನಿನಲ್ಲಿ ನೋಡುತ್ತಿದ್ದರೆ, ಬಾಕ್ಸ್ ಇಲ್ಲದೆ ಬಯಲಾಗಿ ಕೂರಿಸಿದ ಕೋನ್ ಫಿಲ್ಟರಿನ ಗಾಳಿ ಕೆಳಗೆ 33 ಡಿಗ್ರಿ ಇದ್ದದ್ದು ಮೇಲೆ ಬರುವಷ್ಟರಲ್ಲಿ 58 ಮುಟ್ಟಿತ್ತು. ಕಂಪನಿ ಬಾಕ್ಸ್ ತಿರುಗಿ ಹಾಕಿ ಹತ್ತಿಸಿದರೆ 41. ಕೋನ್ ಫಿಲ್ಟರಿನ ಸದ್ದು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಶಕ್ತಿ ಮಾತ್ರ ನೂರಕ್ಕೆ ಐದು ಹೋಗಿತ್ತು.

ಹಾಗಾಗಿ ಕೆಲಸವೆಲ್ಲ ಬಾಕ್ಸಿನ ಮೇಲೆ. ಫಿಲ್ಟರಿನ ಸುತ್ತ ತಗಡಿನ ಗೋಡೆ, ಗೋಡೆಯ ಅಂಚಿಗೆ ಬಾನೆಟ್ ಮುಚ್ಚಿದಾಗ ಒತ್ತಿಕೊಳ್ಳುವ ರಬ್ಬರ್ ಬೀಡಿಂಗ್, ಗಾಳಿ ಬರುವ ಬಾಯಿ ಹೆಡ್‌ಲೈಟ್ ಎತ್ತರದಲ್ಲಿ. ಬಂಪರಿನ ಕೆಳಗೆ ಇಟ್ಟರೆ ಇನ್ನೂ ತಣ್ಣನೆ ಗಾಳಿ ಸಿಗುತ್ತದೆ, ನಿಜ. ಮಲೆನಾಡಿನ ಜುಲೈಯಲ್ಲಿ ಗಾಳಿಯ ಜೊತೆ ನೀರೂ ಬರುತ್ತದೆ. 1.2 ಲೀಟರಿನ ನಾಲ್ಕು ಸಿಲಿಂಡರ್, ಕಂಪ್ರೆಷನ್ ಅನುಪಾತ 11 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 30 ಎಂಎಲ್. ಎರಡು ದೊಡ್ಡ ಚಮಚ ನೀರಿಗೆ ಅದು ತುಂಬುತ್ತದೆ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಇಳಿದುಹೋಗಲು ಬಾಕ್ಸಿನ ತಳದಲ್ಲಿ 6 ಎಂಎಂನ ಎರಡು ತೂತು ಬಿಡದೆ ಯಾರಿಗೂ ಕೊಡಬಾರದು.

ಒಳಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಕೂರುವ ಜಾಗದ ಒಳ ಅಳತೆಯನ್ನಂತೂ ಮುಟ್ಟಲೇಬಾರದು. 60 ಇದ್ದದ್ದನ್ನು 65 ಮಾಡಿದರೆ ಅಡ್ಡಕೊಯ್ತ ನೂರಕ್ಕೆ 17 ಹಿಗ್ಗುತ್ತದೆ. ಸೆನ್ಸರ್ ಮುಂದೆ ಗಾಳಿ ನಿಧಾನವಾಗುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಗಾಳಿ ಕಡಿಮೆ ಎಂದುಕೊಂಡು ಪೆಟ್ರೋಲ್ ಕಡಿತ ಮಾಡುತ್ತದೆ. ಆ ಕೊರತೆ ತುಂಬಲು ಇಸಿಯು ಮಾಡುವ ತಿದ್ದುಪಡಿ, ಅಂದರೆ ಫ್ಯೂಯಲ್ ಟ್ರಿಮ್, ಪ್ಲಸ್ ಕಡೆ ಏರುತ್ತಾ ಹೋಗಿ ಕೊನೆಗೆ ಚೆಕ್ ಎಂಜಿನ್ ದೀಪ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದೂ ಹಾರಿ ಬಂದು ಇದೇ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. ಡ್ರೈ ಫಿಲ್ಟರ್ ಸುಖ.

ಕೊನೆಯದು ಧೂಳು. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ, ಸೆನ್ಸರಿಗೆ ತಾಗದಂತೆ, ವ್ಯಾಸಲಿನ್ ತೆಳ್ಳಗೆ ಸವರಿ ಮಣ್ಣು ರಸ್ತೆಯಲ್ಲಿ ಓಡಿಸಿ ಬಂದು ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆ ಕೆಂಪಾದರೆ ಫಿಲ್ಟರನ್ನು ಬೈಯುವ ಮೊದಲು ಹೋಸ್ ಕ್ಲಿಪ್ ಬಿಚ್ಚಿ ನೋಡಿ. ಪೈಪಿನ ಅಂಚಿಗೆ ಬೀಡ್, ಅಂದರೆ ಉಬ್ಬಿದ ಬಳೆ, ಎತ್ತಿಸದಿದ್ದರೆ ಹೋಸ್ ಅರ್ಧ ಇಂಚು ಜಾರಿರುತ್ತದೆ, ಧೂಳು ಒಳಗೆ ಹೋಗುವುದು ಅಲ್ಲಿಂದಲೇ.