ಜರ್ಮನಿಯಲ್ಲಿ ಮಂಡಿ ಆಪರೇಷನ್ ಆದಮೇಲಿನ ಮೂರು ವಾರ

ಮಂಡಿ ಕೀಲು ಬದಲಿಸುವ ಆಪರೇಷನ್ ಮಟ್ಟಿಗೆ ಬೆಂಗಳೂರಿಗೂ ಮ್ಯೂನಿಕ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ಹೊಲಿಗೆ ಹಾಕಿದ ಮೇಲೆ. ನಮ್ಮ ಕಡೆ ಡಿಸ್ಚಾರ್ಜ್ ಎಂದರೆ ಮನೆ, ಮಂಚ, ನೋಡಲು ಬರುವ ನೆಂಟರು, ‘ಸ್ವಲ್ಪ ದಿನ ಓಡಾಡಬೇಡಿ’ ಎನ್ನುವ ಮಾತು. ಲಕ್ಷಗಟ್ಟಲೆ ಖರ್ಚು ಮಾಡಿದವರೂ ಫಿಸಿಯೋಥೆರಪಿಗೆ ಒಂದು ವಾರ ಹೋಗಿ ಬಿಟ್ಟುಬಿಡುತ್ತಾರೆ. ಜರ್ಮನಿಯಲ್ಲಿ ಆಪರೇಷನ್ ಅರ್ಧ ಚಿಕಿತ್ಸೆ ಎಂದೇ ಲೆಕ್ಕ. ಉಳಿದರ್ಧ ‘ರೇಹಾ’, ಅಂದರೆ ಕಾಲನ್ನು ಮತ್ತೆ ಓಡಾಟಕ್ಕೆ ತರುವ ಮೂರು ವಾರದ ಪುನಶ್ಚೇತನ ಚಿಕಿತ್ಸೆ. ಅದರ ಖರ್ಚಿನ ಬಹುಪಾಲು ವಿಮೆಯದು. ಆ ಮೂರು ವಾರದಲ್ಲಿ ಮಾಡಿಸುವುದರಲ್ಲಿ ಹೆಚ್ಚಿನದನ್ನು ಊರಿನ ಮನೆಯಲ್ಲೇ ಒಂದು ಟವೆಲ್, ಒಂದು ಕುರ್ಚಿ ಇಟ್ಟುಕೊಂಡು ಮಾಡಬಹುದು.

ಮೊದಲು ವ್ಯವಸ್ಥೆಯ ಮಾತು. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಆಸ್ಪತ್ರೆಯ ಸಮಾಜಸೇವಾ ವಿಭಾಗದವರು ಬಂದು ರೇಹಾ ಅರ್ಜಿ ತುಂಬಿಸುತ್ತಾರೆ. ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 14 ದಿನದೊಳಗೆ ರೇಹಾ ಶುರುವಾಗಬೇಕು. ಕೆಲಸದಲ್ಲಿರುವವರಿಗೆ ಬಹುತೇಕ ಪಿಂಚಣಿ ವಿಮೆಯೇ ದುಡ್ಡು ಕೊಡುತ್ತದೆ. ಮನುಷ್ಯ ಕೆಲಸಕ್ಕೆ ಮರಳಿದರೆ ಅವಧಿಗೆ ಮೊದಲೇ ಪಿಂಚಣಿ ಕೊಡುವುದು ತಪ್ಪುತ್ತದಲ್ಲ! ನಿವೃತ್ತರಿಗೆ ಆರೋಗ್ಯ ವಿಮೆ ಕೊಡುತ್ತದೆ. ಕ್ಲಿನಿಕ್‌ನಲ್ಲೇ ಉಳಿದುಕೊಂಡರೆ ನಮ್ಮ ಕೈಯಿಂದ ಹೋಗುವುದು ದಿನಕ್ಕೆ 10 ಯೂರೋ: ಪಿಂಚಣಿ ವಿಮೆಯಾದರೆ ವರ್ಷಕ್ಕೆ ಗರಿಷ್ಠ 14 ದಿನ, ಆರೋಗ್ಯ ವಿಮೆಯಾದರೆ 28 ದಿನ. ತಾನೇ ಊಟ ಮಾಡಲು, ಮೈ ತೊಳೆದುಕೊಳ್ಳಲು, ವಾರ್ಡಿನಲ್ಲಿ ಓಡಾಡಲು ಬಂದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಕ್ಲಿನಿಕ್ ಯಾವುದು ಬೇಕೆಂದು ಅರ್ಜಿಯಲ್ಲೇ ಬರೆಯಬಹುದು. ಬಾಟ್ ಫ್ಯೂಸಿಂಗ್‌ನಂಥ ಬಿಸಿನೀರ ಬುಗ್ಗೆಯ ಊರಿಗೂ ಹೋಗಬಹುದು, ನಿಮ್ಮ ಊರಲ್ಲೇ ಹಗಲು ಚಿಕಿತ್ಸೆ ಪಡೆದು ಸಂಜೆ ಮನೆಗೂ ಬರಬಹುದು. ಸಸ್ಯಾಹಾರಿಗಳು ಅದನ್ನೂ ಆಗಲೇ ಬರೆದುಬಿಡುವುದು ಒಳ್ಳೆಯದು.

ರೇಹಾದ ಮೊದಲ ದಿನ ಗೋನಿಯೋಮೀಟರ್ ಹಿಡಿದು ಮಂಡಿಯ ಕೋನ ಅಳೆದು ಮೂರು ಅಂಕಿ ಬರೆಯುತ್ತಾರೆ. 0-0-90 ಎಂದಿದ್ದರೆ ಕಾಲು ಪೂರ್ತಿ ನೆಟ್ಟಗಾಗುತ್ತದೆ, 90 ಡಿಗ್ರಿ ಮಡಚುತ್ತದೆ ಎಂದರ್ಥ. 0-10-90 ಎಂದಿದ್ದರೆ ನೆಟ್ಟಗಾಗಲು ಇನ್ನೂ 10 ಡಿಗ್ರಿ ಬಾಕಿ. ಊರಿನವರು ಫೋನಿನಲ್ಲಿ ಕೇಳುವುದು ಕೊನೆಯ ಅಂಕಿಯನ್ನೇ: ‘ಎಷ್ಟು ಮಡಚುತ್ತೆ?’ ಥೆರಪಿಸ್ಟ್ ಕಣ್ಣು ಮೊದಲು ಹೋಗುವುದು ನಡುವಿನ ಅಂಕಿಯ ಮೇಲೆ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 60 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೆ 90ರ ಆಸುಪಾಸು ಬೇಕು. ಆದರೆ ಮಂಡಿ ನೆಟ್ಟಗಾಗದಿದ್ದರೆ ಸುಮ್ಮನೆ ನಿಂತಾಗಲೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕಾಗುತ್ತದೆ. ಕಾಲು ಗಿಡ್ಡವಾದಂತೆ ಕುಂಟು ಬರುತ್ತದೆ, ಸೊಂಟ ನೋಯುತ್ತದೆ.

ಮಂಡಿ ನೆಟ್ಟಗಾಗುವುದಕ್ಕೆ ದೊಡ್ಡ ಶತ್ರು ಅದರ ಕೆಳಗಿನ ದಿಂಬು. ಅರೆ ಮಡಚಿದ ಭಂಗಿಯಲ್ಲಿ ಕೀಲಿನೊಳಗಿನ ಊತಕ್ಕೆ ಜಾಗ ಹೆಚ್ಚು ಸಿಗುವುದರಿಂದ ನೋವು ಕಡಿಮೆ ಎನಿಸುತ್ತದೆ. ಮನೆಯವರು ಪ್ರೀತಿಯಿಂದಲೇ ದಿಂಬು ಇಡುತ್ತಾರೆ, ಮಂಡಿ ಹಾಗೇ ಕಟ್ಟಿಕೊಂಡುಬಿಡುತ್ತದೆ. ದಿಂಬನ್ನು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ. ಮಂಡಿಯ ಹಿಂಭಾಗ ಗಾಳಿಯಲ್ಲಿರಲಿ, ತನ್ನ ಭಾರಕ್ಕೆ ತಾನೇ ಇಳಿಯಲಿ. 10 ನಿಮಿಷ, ದಿನಕ್ಕೆ ಮೂರು ಸಲ. ಪಾದ ಹೊರಕ್ಕೆ ವಾಲಿದರೆ ಪ್ರಯೋಜನವಿಲ್ಲ, ಬೆರಳು ಸೂರು ನೋಡಬೇಕು.

ಎರಡನೆಯದಾಗಿ ಗಮನ ಕೊಡಬೇಕಾದ್ದು ತೊಡೆಯ ಮುಂಭಾಗದ ಸ್ನಾಯುವಿಗೆ. ಮಂಡಿ ಊದಿಕೊಂಡಾಗ ಮೈಯೇ ಈ ಸ್ನಾಯುವಿಗೆ ಹೋಗುವ ಸಂದೇಶವನ್ನು ತಗ್ಗಿಸಿಬಿಡುತ್ತದೆ. ‘ಕಾಲಲ್ಲಿ ಜೀವವೇ ಇಲ್ಲ’ ಎಂದು ರೋಗಿ ಹೇಳುವುದು ಸೋಮಾರಿತನದ ಮಾತಲ್ಲ. ಆದ್ದರಿಂದ ಊತ ಇಳಿಸುವುದೂ ವ್ಯಾಯಾಮದಷ್ಟೇ ಮುಖ್ಯ: ಬಟ್ಟೆ ಸುತ್ತಿದ ಐಸ್ 15 ನಿಮಿಷ, ಕಾಲು ಎತ್ತರದಲ್ಲಿ. ಆಮೇಲೆ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಸುತ್ತು. ಉಸಿರು ಕಟ್ಟಬಾರದು. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು. ಬರೀ ಕುಂಡೆ ಬಿಗಿದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮಡಚಲು, ಕುರ್ಚಿಯಲ್ಲಿ ಕೂತು ಕಾಲುಚೀಲದ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಹಿಮ್ಮಡಿಯನ್ನು ಹಿಂದಕ್ಕೆ ಜಾರಿಸಿ. ತುದಿಯಲ್ಲಿ ಇನ್ನೊಂದು ಕಾಲಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಬೇರೆಯವರು ಹಿಡಿದು ಬಲವಂತವಾಗಿ ಮಡಚುವುದು ಬೇಡ.

ಎಷ್ಟು ಮಾಡಬೇಕು ಎನ್ನುವುದಕ್ಕೆ ಇಲ್ಲಿ ಜರ್ಮನಿಯಲ್ಲಿ ಬಳಸುವ ಅಳತೆ ನನಗೆ ಬಹಳ ಹಿಡಿಸುತ್ತದೆ. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಸರಿ, ಮರುದಿನ ಬೆಳಿಗ್ಗೆಗೆ ಅದು ತಗ್ಗಿರಬೇಕು. ಬೆಳಿಗ್ಗೆ ಮಂಡಿ ಹಿಂದಿನ ದಿನಕ್ಕಿಂತ ಹೆಚ್ಚು ಊದಿದ್ದರೆ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ಊರುಗೋಲು ಇಲ್ಲಿ ಮೊಣಕೈ ಕೆಳಗೆ ಪಟ್ಟಿ ಬರುವಂಥದ್ದು, ಕಂಕುಳದ್ದಲ್ಲ. ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ ತುಸು ಮಡಚಿರಬೇಕು. ಎತ್ತರ ಹೆಚ್ಚಾದರೆ ಭುಜ ಕಿವಿಗೇರುತ್ತದೆ. ಮೊದಲು ಕೋಲು, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಹಿಮ್ಮಡಿ ಮೊದಲು ನೆಲ ಮುಟ್ಟಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ಆಪರೇಷನ್ ಆದ ಕಾಲು ಮುಂದೆ. ಸರ್ಜನ್ 20 ಕೆಜಿ ಭಾರ ಮಾತ್ರ ಎಂದಿದ್ದರೆ ತೂಕದ ಯಂತ್ರದ ಮೇಲೆ ಆ ಕಾಲಿಟ್ಟು ಮುಳ್ಳು 20ಕ್ಕೆ ಬರುವಷ್ಟೇ ಒತ್ತುವುದನ್ನು ಅಭ್ಯಾಸ ಮಾಡಿಸುತ್ತಾರೆ. ಮನೆಯಲ್ಲೂ ಇದು ಸುಲಭ.

ಎಣ್ಣೆ ಹಚ್ಚಿ ನೀವುವ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಬೇಕು: ಆಪರೇಷನ್ ಆದ ಮೊದಲ ವಾರಗಳಲ್ಲಿ ಮೀನಖಂಡವನ್ನು ಒತ್ತಿ ತಿಕ್ಕಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಆಗಲೇ ಹೆಚ್ಚು. ಒಂದೇ ಕಾಲಿನ ಮೀನಖಂಡ ಬಿಸಿಯಾಗಿ, ಬಿಗಿಯಾಗಿ ಊದಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ ಅಥವಾ ಎದೆನೋವು ಬಂದರೆ ಇಲ್ಲಿ 112, ಕರ್ನಾಟಕದಲ್ಲಿ 108.

ಇಲ್ಲಿನ ವ್ಯವಸ್ಥೆಯಲ್ಲೂ ಕೊರತೆ ಇದೆ. ಮೂರು ವಾರ ಮುಗಿದ ಮೇಲೆ ಇಲ್ಲಿ ಮನೆ ಹತ್ತಿರದ ಫಿಸಿಯೋ ಬಳಿ ಸಮಯ ಸಿಗಲು ಕಾಯಬೇಕು, ಸಿಕ್ಕರೂ ಒಂದು ಸಲಕ್ಕೆ 20 ನಿಮಿಷದ ಆಸುಪಾಸು. ಹಾಗಾಗಿ ರೇಹಾದಲ್ಲಿರುವಾಗಲೇ ಮುಂದಿನ ಅಪಾಯಿಂಟ್‌ಮೆಂಟ್ ಹಿಡಿಯಿರಿ, ‘ರೇಹಾಸ್ಪೋರ್ಟ್’ ಗುಂಪು ವ್ಯಾಯಾಮಕ್ಕೂ ಚೀಟಿ ಬರೆಸಿಕೊಳ್ಳಿ. ಆರೋಗ್ಯ ವಿಮೆಯಿಂದ ಅದು ಸಾಮಾನ್ಯವಾಗಿ 18 ತಿಂಗಳಲ್ಲಿ 50 ಸಲ ಸಿಗುತ್ತದೆ. ಕೆಲಸಕ್ಕೆ ಮರಳಲು ‘ಹ್ಯಾಂಬರ್ಗ್ ಮಾದರಿ’ ಇದೆ: ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ ನಾಲ್ಕು, ಆರು ಎಂದು ಏರಿಸುವುದು. ಆ ಅವಧಿ ಕಾಯಿಲೆ ರಜೆಯೆಂದೇ ಲೆಕ್ಕ.

ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಇದಾವುದೂ ಅನ್ವಯಿಸುವುದಿಲ್ಲ. ಷೆಂಗೆನ್ ವೀಸಾಕ್ಕೆ ಕೇಳುವ ಕನಿಷ್ಠ 30,000 ಯೂರೋ ವಿಮೆ ಇರುವುದು ತುರ್ತು ಚಿಕಿತ್ಸೆಗೆ ಮತ್ತು ಊರಿಗೆ ಕಳಿಸುವುದಕ್ಕೆ. ರೇಹಾ ಸಾಮಾನ್ಯವಾಗಿ ಅದರಲ್ಲಿಲ್ಲ. ಬಿದ್ದು ಮೂಳೆ ಮುರಿದರೆ ಆಪರೇಷನ್ ಇಲ್ಲಿ, ಮುಂದಿನ ಫಿಸಿಯೋ ಊರಿನಲ್ಲಿ ಎಂದು ಯೋಜನೆ ಹಾಕಿಕೊಳ್ಳುವುದೇ ಸರಿ. ಡಿಸ್ಚಾರ್ಜ್ ಪತ್ರದಲ್ಲಿ ಎಷ್ಟು ಭಾರ ಹಾಕಬಹುದು, ಎಷ್ಟು ವಾರ ಎನ್ನುವುದನ್ನು ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಹೊರಡಿ.

ರೇಹಾ ಸೇರುವ ಕನ್ನಡಿಗರಿಗೆ ಇನ್ನೊಂದು ಮಾತು. ಮೊದಲ ದಿನ ಡಾಕ್ಟರ್ ‘ನಿಮ್ಮ ಗುರಿ ಏನು’ ಎಂದು ಕೇಳುತ್ತಾರೆ. ‘ನೋವು ಹೋಗಬೇಕು’ ಎಂದಷ್ಟೇ ಹೇಳಿದರೆ ಇಲ್ಲಿನ ಬದುಕಿಗೆ ತಕ್ಕಂತೆ ಕುರ್ಚಿ, ಕಾರು, ಮೆಟ್ಟಿಲು ಕಲಿಸಿ ಕಳಿಸುತ್ತಾರೆ. ನೆಲದ ಮೇಲೆ ಕೂರುವುದು ಅವರ ಯೋಚನೆಗೇ ಬರುವುದಿಲ್ಲ. ಊರಿಗೆ ಹೋದಾಗ ಪೂಜೆಗೆ, ಊಟದ ಪಂಕ್ತಿಗೆ ನೆಲದಿಂದ ಏಳಬೇಕಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ. ಚಕ್ಕಳಮಕ್ಕಳ ಎಲ್ಲರಿಗೂ ಮರಳಿ ಬರುವುದಿಲ್ಲ, ಸರ್ಜನ್ ಒಪ್ಪಿಗೆಯಿಲ್ಲದೆ ಪ್ರಯತ್ನಿಸಲೂಬಾರದು. ನೆಲದಿಂದ ಏಳುವುದನ್ನಂತೂ ಕಲಿಯಬಹುದು: ಎದುರಿಗೆ ಜಾರದ ಕುರ್ಚಿ, ಎರಡೂ ಕೈ ಅದರ ಮೇಲೆ, ಆಪರೇಷನ್ ಆದ ಮಂಡಿಯನ್ನು ದಪ್ಪ ದಿಂಬಿನ ಮೇಲೆ ಊರಿ, ಒಳ್ಳೆಯ ಕಾಲಿನ ಪಾದ ಮುಂದಿಟ್ಟು, ಕೈ ಮತ್ತು ಆ ಕಾಲಿನ ಬಲದಿಂದಲೇ ಏಳುವುದು. ಮೊದಮೊದಲು ಎರಡು ಹಾಸಿಗೆ ಒಂದರ ಮೇಲೊಂದು ಹಾಕಿ ಎತ್ತರ ಮಾಡಿಕೊಂಡು ಅಭ್ಯಾಸ ಮಾಡಿ, ಪಕ್ಕದಲ್ಲಿ ಒಬ್ಬರಿರಲಿ.