ಎರಡು ಮಾರ್ಕಿನ ಎಲಬು

20 ಜುಲೈ 2025, ಐತವಾರ, ಧಾರವಾಡ

ಮುಂಜಾನಿಂದ ಜಿಟಿಜಿಟಿ ಮಳಿ ಹಿಡದೈತಿ, ನಿಂದ್ರವಲ್ದು. ಬರೋ ಗುರುವಾರ ನಾಗರ ಅಮಾಸಿ, ಆಮ್ಯಾಲ ಶ್ರಾವಣ, ಅಂದ್ರ ನಮ್ಮನ್ಯಾಗ ಇನ್ನ ಒಂದ ತಿಂಗಳ ಕೋಳಿ ಹೆಸರ ಎತ್ತಂಗಿಲ್ಲ. ಇಡೀ ಓಣಿದ್ದ ಇದ ಲೆಕ್ಕ, ಹಂಗಾಗಿ ಇವತ್ತ ಚಿಕನ್ ಅಂಗಡಿ ಮುಂದಿನ ಪಾಳಿ ನೋಡ್ಬೇಕಿತ್ತು, ಛತ್ರಿಗೆ ಛತ್ರಿ ತಾಗಾಕತ್ತಿತ್ತು. ಮುಕ್ಕಾಲ ತಾಸ ನಿಂತೆ. ನಮಗ ಜವಾರಿ ಕೋಳಿನ ಬೇಕು, ಬಾಯ್ಲರ್ ತಂದ್ರ ಅವ್ವ ಮುಟ್ಟಂಗಿಲ್ಲ, ಬದನಿಕಾಯಿ ತಿಂದಂಗ ಆಕ್ಕೈತಿ ಅಂತಾಳ. ಅಂಗಡಿ ಚಾಚಾ ತಲಿ ಒಗ್ಯಾಕ ಹೊಂಟಿದ್ರು, "ತಲಿ ಬೇಕ್ರಿ ಚಾಚಾ, ನಮ್ಮವ್ವಗ" ಅಂತ ವಾಪಸ್ ಇಸ್ಕೊಂಡೆ. ಈ ತಲಿ ವಿಷಯ ನೆನಪಿಡ್ರಿ, ಕಡೀಕ ಬರ್ತೈತಿ.

ಮಧ್ಯಾಹ್ನ ಜ್ವಾಳದ ರೊಟ್ಟಿ, ಕೋಳಿ ಸಾರು. ನಾ ಲೆಗ್ ಪೀಸ್ ಬಾಯಿಗೆ ಇಟ್ಟಿದ್ದೆ, ಮಗಳು (ಫಸ್ಟ್ ಪಿಯುಸಿ, ಪಿಸಿಎಂಬಿ, ಮನಿಯಾಗ ಎಲ್ಲಾರನ್ನೂ ತಿದ್ದೂ ಕೆಲಸ ಆಕಿದ ಈಗ) "ಪಪ್ಪಾ ನೀ ಈಗ ಡೈನೋಸಾರ್ ತಿನ್ನಾಕತ್ತಿ" ಅಂದ್ಲು.

ಹಂಗಲ್ಲವಾ, ಪಕ್ಷಿಗೋಳು ಸರೀಸೃಪದಿಂದ ಬಂದಾವು, ನಡುವ ಆರ್ಕಿಯಾಪ್ಟೆರಿಕ್ಸ್ ಅಂತ ಕನೆಕ್ಟಿಂಗ್ ಲಿಂಕ್ ಐತಿ, ಅಂತ ನಾ ಭಾಳ ಠೀವಿಲೆ ಶುರು ಮಾಡಿದೆ. ಆಕಿ ಸಮಾಧಾನದಿಂದ ರೊಟ್ಟಿ ಮುರಕೋಂತ, "ಅದು ಯಾವಾಗಿಂದ ಸಿಲೆಬಸ್ ಪಪ್ಪಾ? ಈಗ ಪಕ್ಷಿ ಡೈನೋಸಾರ್‌ದಿಂದ ಬಂದಾವು ಅಂತನೂ ಅನ್ನೂದಿಲ್ಲ, ಪಕ್ಷಿನ ಡೈನೋಸಾರ್ ಅಂತಾರ, ಉಳಕೊಂಡ ಒಂದ ಮನೆತನ" ಅಂದ್ಲು. ನನ್ನ ಹೆಂಡ್ತಿ ನಕ್ಕಳು. ಅದು ಜಾಸ್ತಿ ಹತ್ತಿತು ನಂಗ.

ಯಾಕಂದ್ರ ನಾ ಬಿಎಸ್ಸಿ ಝೂವಾಲಜಿ ಮಾಡ್ದಾಂವ. ಇದ ಧಾರವಾಡದಾಗ, 1995ರಾಗ ಫೈನಲ್ ಇಯರ್ ಮುಗೀತು. ಈಗ ಹುಬ್ಬಳ್ಳ್ಯಾಗ ಒಂದ ಸೊಸೈಟ್ಯಾಗ ಸಾಲದ ಫೈಲ್ ನೋಡ್ತೀನಿ, ಅದಕ್ಕೂ ಝೂವಾಲಜಿಗೂ ಸಂಬಂಧ ಅಂದ್ರ ಕೆಲವ ಸಾಲಗಾರರ ಚರ್ಮದ ದಪ್ಪ ಅಷ್ಟ. ಆದ್ರೂ ಪದವಿ ಪದವಿನ ಅಲ್ರಿ. ಆರ್ಕಿಯಾಪ್ಟೆರಿಕ್ಸ್ ಪ್ರಶ್ನೆ ಬಂದ್ರ ಹಾಳಿ ನಡುವ ಗೀಟ ಹೊಡದು ಎಡಕ್ಕ ಸರೀಸೃಪದ ಲಕ್ಷಣ, ಅಂದ್ರ ಹಲ್ಲು, ಎಲಬಿನ ಉದ್ದ ಬಾಲ, ರೆಕ್ಕಿ ಮ್ಯಾಲ ಉಗುರು. ಬಲಕ್ಕ ಪಕ್ಷಿ ಲಕ್ಷಣ, ಪುಕ್ಕ. 1861ರಾಗ ಜರ್ಮನಿಯ ಜೋಲ್ನ್‌ಹೋಫನ್ ಸುಣ್ಣಕಲ್ಲಿನ್ಯಾಗ ಸಿಕ್ತು, ಸುಮಾರ 15 ಕೋಟಿ ವರ್ಷ ಹಳೇದು. ನಿದ್ದಿಗಣ್ಣಾಗೂ ಬರೀತಿದ್ದೆ. ಆದ್ರ ಎಡಗಡೆ ಪಟ್ಟಿಯೊಳಗ ಇರೋ ಸರೀಸೃಪ ಯಾವುದು, ಹಲ್ಲಿನೋ, ಮೊಸಳಿನೋ, ಮತ್ತೊಂದೋ, ಅಂತ ನಾ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕನೆಕ್ಟಿಂಗ್ ಲಿಂಕ್ ಅಂದ್ರ ರೈಲ್ವೆ ಡಬ್ಬಿ ನಡುವಿನ ಕೊಂಡಿ ಇದ್ದಂಗ ಅಂತ ತಿಳ್ಕೊಂಡು ಪಾಸಾದೆ.

ಮತ್ತ ನನ್ನ ದೈವ ನೋಡ್ರಿ. ನಾ ಪಾಸಾದ ಮರುವರ್ಷ, 1996ರಾಗ, ಚೀನಾದ ಲಿಯಾವ್‌ನಿಂಗ್ ಪ್ರಾಂತದಾಗ ಸೈನೊಸಾರೊಪ್ಟೆರಿಕ್ಸ್ ಹೊರಗ ಬಂತು. ಬಾಲ ಹಿಡದು ಸುಮಾರ ಒಂದ ಮೀಟರ್ ಉದ್ದದ ಸಣ್ಣ ಡೈನೋಸಾರು, ರೆಕ್ಕಿ ಇಲ್ಲ, ಹಾರೂ ಲಕ್ಷಣ ಯಾವುದೂ ಇಲ್ಲ, ಆದ್ರ ನೆತ್ತಿಯಿಂದ ಬಾಲದ ತನಕ ಕೋಳಿಮರಿ ಮೈಮ್ಯಾಲ ಇರ್ತೈತಲ್ಲ ಅಂಥಾ ನವಿರು ಕಲ್ಲಿನ್ಯಾಗ ಅಚ್ಚೊತ್ತೇತಿ. 2010ರಾಗ ಅದರ ಬಣ್ಣದ ಕಣ ನೋಡಿ ಕೆಂಗಂದು ಇತ್ತು, ಬಾಲದ ಮ್ಯಾಲ ಪಟ್ಟಿ ಇದ್ವು ಅಂತನೂ ಹೇಳಿದ್ರು. ಆರ್ಕಿಯಾಪ್ಟೆರಿಕ್ಸ್ ನನ್ನ ಪಟ್ಟಿಯೊಳಗ ಬಲಕ್ಕ ಹೋಗಿದ್ದ ಒಂದ ಪುಕ್ಕದಿಂದ. ಆ ಪುಕ್ಕನ ಎಡಕ್ಕ ಬಂದ್ರ ಗೀಟು ಎಲ್ಲಿ ಹೊಡೀಬೇಕು? 30 ವರ್ಷ ಆತು, ನಾ ಇನ್ನೂ ಅದ ಗೀಟ ಹಿಡ್ಕೊಂಡ ಕುಂತೀನಿ.

ಸೋಲಾಕ ಮನಸಿಲ್ಲ, ಹಂಗಾಗಿ ತಾಟಿನ್ಯಾಗಿನ ಎಲಬು ತಗೊಂಡ ಜಂಬ ತೋರ್ಸಾಕ ಹೊಂಟೆ. ಬೆನ್ನಿನ ತುಂಡಿನ್ಯಾಗ ಒಂದ ಚಪ್ಪಟಿ, ತೂತುತೂತಿನ ಎಲಬು ಸಿಕ್ತು. ಕೈ ತಾನ ಹೇಳ್ತು, ಸಿನ್‌ಸ್ಯಾಕ್ರಮ್ ಆಫ್ ಫೌಲ್! ಬೆನ್ನಿನ ಕಡೀ ಮಣಿ, ಸೊಂಟದ ಮಣಿ, ಬಾಲದ ಮೊದಲಿನ ಮಣಿ ಎಲ್ಲಾ ಕೂಡಿ ವೆಲ್ಡಿಂಗ್ ಮಾಡಿದಂಗ ಒಂದಾಗಿರ್ತಾವ. ಪ್ರ್ಯಾಕ್ಟಿಕಲ್ ಪರೀಕ್ಷಾದಾಗ ಅದು ಸ್ಪಾಟರ್, ಅಂದ್ರ ಟೇಬಲ್ ಮ್ಯಾಲ ಇಟ್ಟಿದ್ದನ್ನ ನೋಡಿ ಹೆಸರ ಬರಿಯೂದು, 2 ಮಾರ್ಕು. ಆಮ್ಯಾಲ ಎದಿ ತುಂಡಿನ್ಯಾಗ ವಿ ಅಕ್ಷರದಂಗ ತೆಳ್ಳನ್ನ ಎಲಬು ಬಂತು, ಅದನ್ನ ನೋಡಿ ನಾ ಸುಮ್ನಾದೆ.

ಅದು ಫರ್ಕುಲಾ. ನಮಗ ಎಡಕ್ಕೊಂದ ಬಲಕ್ಕೊಂದ ಕೊಳ್ಳೆಲಬು ಇರ್ತಾವಲ್ಲ, ಪಕ್ಷಿಯೊಳಗ ಆ ಎರಡೂ ಕೂಡಿ ಒಂದ ಆಗ್ಯಾವ. 1995ರ ಪರೀಕ್ಷಾದಾಗ ಇದ ಬಂದಿತ್ತು. ಒಂದೊಂದ ಟೇಬಲ್ ಮ್ಯಾಲ ಒಂದೊಂದ ಸ್ಪಾಟರ್, ಬೆಲ್ ಹೊಡದ ಕೂಡ್ಲೆ ಮುಂದ ಸರಕೋಬೇಕು. ನಾ ವಿ ನೋಡಿ ಗಡಬಡ್ಯಾಗ "ಹಯಾಯ್ಡ್", ನಾಲಿಗಿ ಬುಡದ ಎಲಬು, ಅಂತ ಬರದಬಿಟ್ಟೆ. 2 ಮಾರ್ಕು ಹೋತು. ಆ ಎರಡ ಮಾರ್ಕಿಗೆ ಫಸ್ಟ್ ಕ್ಲಾಸ್ ಏನ ತಪ್ಪಲಿಲ್ಲ, ಆದ್ರ ಎಗ್ಜಾಮಿನರ್ ನಕ್ಕಿದ್ದು ಇನ್ನೂ ಕಿವಿಯಾಗ ಐತಿ.

ಊಟ ಆದಮ್ಯಾಲ ಮಗಳ ಜೋಡಿ ಕುಂತು ಓದಿದೆ, ಆಕಿ ಮೊಬೈಲ್‌ನ್ಯಾಗ, ನಾ ಅಟ್ಟದ ಮ್ಯಾಲಿನ ಹಳೇ ಪ್ರ್ಯಾಕ್ಟಿಕಲ್ ಜರ್ನಲ್ ಇಳಿಸಿ. ಓದಿದ್ರ, ಈ ಫರ್ಕುಲಾ ಸ್ಪಾಟರ್ ತಪ್ಪಿದವರು ನನ್ನಕಿಂತ ದೊಡ್ಡ ದೊಡ್ಡ ಮಂದಿ ಅದಾರ! ಇಂಗ್ಲೆಂಡಿನ ಥಾಮಸ್ ಹಕ್ಸ್ಲಿ 1860ರ ದಶಕದ ಕೊನಿಗೇ ಪಕ್ಷಿ ಮತ್ತ ಡೈನೋಸಾರ್ ಹತ್ತರದ ಸಂಬಂಧಿಕರು ಅಂದಿದ್ದ. ಆಮ್ಯಾಲ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್, ಮೂಲತಃ ಚಿತ್ರಗಾರ, ಎರಡರ ಎಲಬೂ ಒಂದೊಂದ ಹೋಲಿಸಿ ನೋಡಿ, ಎಲ್ಲಾ ಹೊಂದತಾವ, ಆದ್ರ ಡೈನೋಸಾರಿಗೆ ಕೊಳ್ಳೆಲಬ ಇಲ್ಲ, ಒಮ್ಮೆ ಕಳಕೊಂಡ ಎಲಬು ಮತ್ತ ಹುಟ್ಟೂದಿಲ್ಲ, ಹಂಗಾಗಿ ಪಕ್ಷಿ ಮೂಲ ಬ್ಯಾರೆ ಕಡೆ ಹುಡುಕ್ರಿ ಅಂತ ಬರದ. 1926ರಾಗ ಅದರ ಇಂಗ್ಲಿಷ್ ಪುಸ್ತಕ ಬಂತು, ಮುಂದ 40 ವರ್ಷ ಎಲ್ಲಾರೂ ಅದನ್ನ ನಂಬಿದ್ರು. ಮಜಾ ಏನಂದ್ರ, ಅದಕ್ಕೂ ಎರಡ ವರ್ಷ ಮೊದಲ, 1924ರಾಗ, ಅಮೆರಿಕದ ಓಸ್ಬಾರ್ನ್ ಅನ್ನಾಂವ ಮಂಗೋಲಿಯಾದ ಗೋಬಿ ಮರುಭೂಮಿಯಿಂದ ತಂದಿದ್ದ ಓವಿರಾಪ್ಟರ್ ಅನ್ನೋ ಡೈನೋಸಾರಿನ ಚಿತ್ರ ಛಾಪ್ಸಿದ್ದ, ಅದರಾಗ ಫರ್ಕುಲಾ ಕಣ್ಣಿಗೆ ಹೊಡದಂಗ ಕಾಣ್ತೈತಿ. ಹೆಸರು ಮಾತ್ರ ಬ್ಯಾರೆ ಎಲಬಿಂದ ಬರದಿದ್ದ. 2 ಮಾರ್ಕು ಹೋತು! ಈಗ ಟಿ ರೆಕ್ಸ್, ವೆಲಾಸಿರಾಪ್ಟರ್ ಎಲ್ಲಾದರಾಗೂ ಫರ್ಕುಲಾ ಸಿಕ್ಕೈತಿ.

ಓಸ್ಬಾರ್ನ್ ಇನ್ನೊಂದ ಸ್ಪಾಟರ್ ಸಹಿತ ತಪ್ಪಿದ್ದ. ಆ ಡೈನೋಸಾರು ತತ್ತಿ ಗೂಡಿನ ಮ್ಯಾಲ ಸಿಕ್ಕಿತ್ತು, ತತ್ತಿ ಬ್ಯಾರೆ ಡೈನೋಸಾರಿಂದು, ಇದು ಕದಿಯಾಕ ಬಂದಿತ್ತು ಅಂತ ತಿಳದು ಓವಿರಾಪ್ಟರ್, ಅಂದ್ರ ತತ್ತಿಗಳ್ಳ, ಅಂತ ಹೆಸರ ಇಟ್ಟ. 1990ರ ದಶಕದಾಗ ಅದ ಗೋಬಿಯೊಳಗ ಅಂಥಾದ್ದ ತತ್ತಿ ಒಳಗ ಅದರ ಬಳಗದ್ದ ಮರಿ ಸಿಕ್ತು, ಮತ್ತ ತತ್ತಿ ಸುತ್ತಲೂ ಮುಂಗೈ ಚಾಚಿ ಅವುಚಿಕೊಂಡು ಕುಂತಲ್ಲೇ ಸತ್ತಿದ್ದ ಅಸ್ಥಿಪಂಜರನೂ ಸಿಕ್ವು. ಕದಿಯಾಕ ಬಂದಿದ್ದಲ್ಲ, ಕಾವು ಕುಂತಿದ್ದು. ಇದನ್ನ ಅವ್ವಗ ಹೇಳಿದೆ. ಅವ್ವ ಊರಾಗ ಹತ್ತಿಪ್ಪತ್ತ ಕೋಳಿ ಸಾಕಿದಾಕಿ, ಗದಗ ಕಡೆದಾಕಿ. "ಕಾವು ಕುಂತ ಕೋಳಿ ಹಂಗ ರೆಕ್ಕಿ ಹರವಿ ಕುಂದರ್ತೈತಿ, ಮಳಿ ಬಂದ್ರೂ ಏಳಂಗಿಲ್ಲ, ಕೈ ಹಾಕಿದ್ರ ಕುಕ್ಕತೈತಿ. ತನ್ನ ತತ್ತಿ ಮ್ಯಾಲ ಕುಂತದ್ದಕ್ಕ ಕಳ್ಳಿ ಅಂದನಾ ಆಂವ? ಅವನ ಬಾಯಾಗ ಮಣ್ಣ ಹಾಕ" ಅಂದ್ಲು. ಓಸ್ಬಾರ್ನ್ ಸತ್ತು 90 ವರ್ಷ ಆತು, ಬೈಗಳ ತಪ್ಪಲಿಲ್ಲ. ನಿಯಮದ ಪ್ರಕಾರ ಹೆಸರು ಬದ್ಲಿಸಂಗಿಲ್ಲವಂತ, ಇನ್ನೂ ಕಳ್ಳನ ಐತಿ ಪಾಪ.

ಆಮ್ಯಾಲ ನಂಗ ಹುಚ್ಚ ಹಿಡೀತು. ಎಲ್ಲಾರ ತಾಟಿನ ಎಲಬೂ ಕೂಡಿಸಿ, ಸೋಪಿನ ನೀರಾಗ ಕುದಿಸಿ, ಪೇಪರ್ ಮ್ಯಾಲ ಹರವಿದೆ. ಹೆಂಡ್ತಿ "ಆ ಪಾತೇಲಿ ಇನ್ನ ಅಡಗಿಮನಿಗೆ ತರಬ್ಯಾಡ್ರಿ" ಅಂದ್ಲು.

ಲೆಗ್ ಪೀಸಿಂದ ಮೊದಲ ಹೇಳ್ತೀನಿ, ಯಾಕಂದ್ರ ಇದನ್ನ ಎಲ್ಲಾರೂ ತಪ್ಪ ತಿಳದೀವಿ. ಕೋಳಿ ಮೊಣಕಾಲು ಹಿಂದಕ್ಕ ಮಡಿಚೈತಿ ಅಂತೀವಲ್ಲ, ಅದು ಮೊಣಕಾಲಲ್ಲ, ಹರಡು. ಖರೇ ಮೊಣಕಾಲು ಮ್ಯಾಲ ಪುಕ್ಕದಾಗ ಮುಚ್ಚಿರ್ತೈತಿ. ನಾವು ಚೀಪೂ ಲೆಗ್ ಪೀಸ್ ಅಂದ್ರ ಅದರ ಕಣಕಾಲು, ಅದರ ಕೆಳಗ ಹಳದಿ ಹುರುಪಿ ಇರೋ ಕಾಲು ಅಂದ್ರ ಪಾದದ ಎಲಬುಗೋಳು ಕೂಡಿ ಉದ್ದ ಆಗಿದ್ದು. ಅಂದ್ರ ಕೋಳಿ ಜೀವನಪೂರ್ತಿ ತುದಿಗಾಲ ಮ್ಯಾಲ ನಿಂತಿರ್ತೈತಿ, ಟಿ ರೆಕ್ಸೂ ಹಂಗ ನಿಂದರ್ತಿತ್ತು. ದಪ್ಪ ಎಲಬಿನ ಪಕ್ಕಕ್ಕ ಸೂಜಿ ಇದ್ದಂಗ ಒಂದ ಎಲಬು, ನಮ್ಮ ಮಾವನೋರು ಊಟ ಆದಮ್ಯಾಲ ಅದರಲೆನ ಹಲ್ಲು ಕೆದರ್ಕೋತಾರ, ಅದು ಫಿಬುಲಾ. ಹಳೇ ಡೈನೋಸಾರಿನ್ಯಾಗ ಅದು ಹರಡಿನ ತನಕ ಇರ್ತಿತ್ತು, ಕೋಳಿಯೊಳಗ ಅರ್ಧಕ್ಕ ಮೊನಿಯಾಗಿ ಮುಗೀತೈತಿ. ಚಿಲಿ ದೇಶದವರು ತತ್ತಿಯೊಳಗಿನ ಭ್ರೂಣದಾಗ ಒಂದ ಜೀನಿನ ಕೆಲಸ ತಡದು ನೋಡಿದ್ರು, ಆ ಎಲಬು ಮತ್ತ ಹಳೇ ಡೈನೋಸಾರಿಂದಂಗ ಕೆಳತನಕ ಬೆಳೀತು. 2016ರಾಗ ಛಾಪಾಗೈತಿ. ಆ ಜೀನಿನ ಹೆಸರ ಇಂಡಿಯನ್ ಹೆಡ್ಜ್‌ಹಾಗ್ ಅಂತ, ಯಾಕ ಅಂತ ಕೇಳಬ್ಯಾಡ್ರಿ.

ರೆಕ್ಕಿ ತುದಿ, ನಾವು ತಿನ್ನಲಾರದ ಒಗೀತೀವಲ್ಲ, ಅದರಾಗ ಮೂರ ಬೆರಳು ಅದಾವ, ಒಂದ ಸಣ್ಣ ಹೆಬ್ಬೆರಳು ಬ್ಯಾರೆನ ನಿಂತಿರ್ತೈತಿ. ಅಮೆರಿಕದ ಜಾನ್ ಓಸ್ಟ್ರಮ್ 1964ರಾಗ ಮೊಂಟಾನಾದಾಗ ಡೈನೋನಿಕಸ್ ಅನ್ನೋ ಡೈನೋಸಾರ್ ಹುಡುಕಿದ, 1969ರಾಗ ವಿವರ ಬರದ. ಅದರ ಮಣಿಕಟ್ಟಿನ್ಯಾಗ ಅರ್ಧಚಂದ್ರದಂಥಾ ಎಲಬು ಇತ್ತು, ಕೈಯನ್ನ ಪಕ್ಷಿ ರೆಕ್ಕಿ ಮಡಚಿದಂಗ ಅಡ್ಡಕ್ಕ ಮಡಚಬಹುದಿತ್ತು. ಆಮ್ಯಾಲ ಆಂವ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆ ನೋಡಾಕ ಕುಂತಾಗ ಅದ ಕೈ ಮತ್ತ ಕಾಣ್ತು, ಹಕ್ಸ್ಲಿ ಮಾತಿಗೆ ಮತ್ತ ಜೀವ ಬಂತು. 1996ರಾಗ ಚೀನಾದ ಆ ನವಿರಿನ ಡೈನೋಸಾರಿನ ಫೋಟೋ ನ್ಯೂಯಾರ್ಕಿನ ಸಭಾಕ್ಕ ಬಂದಾಗ ಮುದುಕ ಓಸ್ಟ್ರಮ್ ಅಲ್ಲೇ ಇದ್ದ. 2007ರಾಗ ವೆಲಾಸಿರಾಪ್ಟರ್ ಮುಂಗೈ ಎಲಬಿನ ಮ್ಯಾಲ ಪುಕ್ಕ ಸಿಗಸೂ ಗುಬಟಿನೂ ಸಿಕ್ವು. ಆದ್ರ ವಾಟ್ಸಾಪ್ ಮಂದಿ ಹೇಳ್ದಂಗ ಕೋಳಿ ಟಿ ರೆಕ್ಸ್‌ನ ಮೊಮ್ಮಗ ಅಲ್ಲ. ಟಿ ರೆಕ್ಸ್ ಇದ್ದಿದ್ದು 6.6 ಕೋಟಿ ವರ್ಷದ ಆಸುಪಾಸು, ಅಷ್ಟೊತ್ತಿಗೆ ಪಕ್ಷಿಗೋಳು ಬಂದು ಭಾಳ ದಿನ ಆಗಿತ್ತು. ಅವು ದಾಯಾದಿಗೋಳು.

ಅವ್ವಗ ಬ್ಯಾರೆನ ಸಂಶಯ. "ಲೆಗ್ ಪೀಸ್ ಎಲಬು ಕಡದ್ರ ಮಜ್ಜಿ ಸಿಗ್ತೈತಿ, ಈ ರೆಕ್ಕಿ ಬುಡದ ಎಲಬಿನ್ಯಾಗ ಯಾಕ ಏನೂ ಇರಂಗಿಲ್ಲ?" 70 ವರ್ಷ ಚೀಪಿ ಕಂಡುಕೊಂಡಿದ್ದು, ನನ್ನ ಜರ್ನಲ್‌ನ್ಯಾಗೂ ಇಲ್ಲ! ಅದರ ಬುಡಕ್ಕ ಒಂದ ತೂತು ಇರ್ತೈತಿ, ಎದಿಯೊಳಗಿನ ಗಾಳಿಚೀಲ ಆ ತೂತಿನಿಂದ ಎಲಬಿನ ಒಳಗ ಹೊಕ್ಕಿರ್ತೈತಿ. ಟಾರ್ಚ್ ಹಿಡದು ತೋರ್ಸಿದೆ. ನಮ್ಮ ಪುಪ್ಪಸದಾಗ ಗಾಳಿ ಬಂದ ದಾರಿಲೆ ವಾಪಸ್ ಹೋಗ್ತೈತಿ, ಪಕ್ಷಿಗೆ ಹಂಗಲ್ಲ, ಚೀಲಗೋಳು ತಿದಿ ಊದಿದಂಗ ಊದಿ ಪುಪ್ಪಸದಾಗ ಒಂದ ದಿಕ್ಕಿಗೆ ಹಾಯಿಸ್ತಾವ. ಡೈನೋಸಾರಿನ ಬೆನ್ನೆಲಬಿನ್ಯಾಗೂ ಇಂಥಾ ತೂತು ಅದಾವ, ಅಂದ್ರ ಈ ವ್ಯವಸ್ಥಾ ಹಾರಾಕ ಅಂತ ಮಾಡಿದ್ದಲ್ಲ, ಹಾರೂದಕ್ಕ ಆಮ್ಯಾಲ ಉಪಯೋಗ ಬಿತ್ತು. ಹೋದ ಡಿಸೆಂಬರ್‌ನ್ಯಾಗ ನಾವು ಶಿರಹಟ್ಟಿ ಹತ್ತರ ಮಾಗಡಿ ಕೆರಿಗೆ ಹೋಗಿದ್ವಿ, ಅಲ್ಲಿ ಚಳಿಗಾಲಕ್ಕ ಬರೋ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರ್ತಾವ, ಮಂಗೋಲಿಯಾದಿಂದ ಸಹಿತ. ಅಷ್ಟ ತೆಳ್ಳನ ಗಾಳಿಯೊಳಗ ಉಸುರು ಹಿಡಿಯೂದ ಇದರ ಮ್ಯಾಲ. ಕಳ್ಳ ಅನ್ನಿಸಿಕೊಂಡ ಓವಿರಾಪ್ಟರಿನ ಊರೂ ಅದ ಮಂಗೋಲಿಯಾ. ಕೆರಿ ದಂಡಿ ಮ್ಯಾಲ ನಿಂತಾಗ ನಂಗ ಇದು ಹೊಳದಿರಲಿಲ್ಲ, ಮಿರ್ಚಿ ತಿನ್ನಾಕತ್ತಿದ್ದೆ.

ಇಲ್ಲೇ ಧಾರವಾಡದಾಗ ಅಗದ್ರ ಡೈನೋಸಾರ್ ಸಿಗ್ತಾವನು ಅಂತ ಮಗಳು ಕೇಳಿದ್ಲು. ಇಲ್ಲ. ಭೂವಿಜ್ಞಾನದಾಗ ನಮ್ಮ ಊರ ಹೆಸರಿಂದ ಧಾರವಾಡ ಶಿಲಾ ಅಂತ ಕರೀತಾರ, ಕಪ್ಪತಗುಡ್ಡನೂ ಅದರಾಗ ಬರ್ತೈತಿ, ಅವು 250 ಕೋಟಿ ವರ್ಷಕ್ಕಿಂತ ಹಳೇವು. ಡೈನೋಸಾರ್ ಬಂದಿದ್ದು ಸುಮಾರ 23 ಕೋಟಿ ವರ್ಷದ ಹಿಂದ. ಮುತ್ತಜ್ಜನ ಮದುವಿ ಫೋಟೋದಾಗ ಮರಿಮಗನ್ನ ಹುಡುಕಿದಂಗ ಆಕ್ಕೈತಿ. ಅದಕ್ಕ ನರ್ಮದಾ ಕಣಿವಿಗೆ, ಗುಜರಾತಿನ ಬಾಲಾಸಿನೋರ್ ಕಡೆ ಹೋಗಬೇಕು, ರಾಜಾಸಾರಸ್ ಅಲ್ಲೇ ಸಿಕ್ಕಿದ್ದು.

ರಾತ್ರಿ ಎಂಟಕ್ಕ ಒಂದೊಂದ ಎಲಬಿಗೂ ಚೀಟಿ ಹಚ್ಚಿದ್ವಿ. ಎಲ್ಲಾ ಆತು, ಅವ್ವನ ತಾಟಿನಿಂದ, ಆ ಚಾಚಾ ಒಗ್ಯಾಕ ಹೊಂಟಿದ್ದ ತಲಿಯೊಳಗಿಂದ, ಬಂದಿದ್ದ ಒಂದ ಎಲಬು ಉಳೀತು. ಕಡ್ಡಿಗಿಂತ ಸಣ್ಣದು, ಹಿಂದಕ್ಕ ಎರಡ ಕವಲು. ಅರ್ಧ ತಾಸ ಜರ್ನಲ್ ನೋಡಿದೆ, ಭೂತಗನ್ನಡಿ ಹಿಡದೆ. ಹಯಾಯ್ಡ್ ಅಂದೆ. ಮಗಳು ನನ್ನ ಮಾರಿ ನೋಡಿದ್ಲು, ಚೀಟಿ ಮ್ಯಾಲ ಹಯಾಯ್ಡ್ ಅಂತ ಬರದು ಮುಂದ ಪೆನ್ಸಿಲ್‌ಲೆ ಒಂದ ಪ್ರಶ್ನಾರ್ಥಕ ಚಿಹ್ನಿ ಹಾಕಿದ್ಲು. ಅಳಿಸಬ್ಯಾಡ, ಇರ್ಲಿ ಅಂದೆ.

ನಾಳೆ ಸೋಮವಾರ, ಎಂಟರ ಚಿಗರಿ ಬಸ್ ಹಿಡೀಬೇಕು. ಪಾತೇಲಿ ಇನ್ನೂ ಹಿತ್ತಲದಾಗ ಮಳ್ಯಾಗ ನೆನ್ಯಾಕತ್ತೈತಿ.