ಕೆಂಪು ವೈನ್‌ನ ಬಣ್ಣ ಅಳೆಯುವ ಪೆಟ್ಟಿಗೆ: ಏಳನೇ ವಾರದವರೆಗಿನ ಟಿಪ್ಪಣಿ

ವಾರ 1, 2

ಚಿಕ್ಕಮಗಳೂರಿನ ಮನೆಗಳಲ್ಲಿ ಮಾಡುವ ದ್ರಾಕ್ಷಿ ವೈನ್‌ಗೆ "ಒಳ್ಳೇ ಕಲರ್ ಬಂದಿದೆ" ಅನ್ನುವುದರ ಬದಲು ಒಂದು ಅಂಕಿ ಬರೆಯಬೇಕು, ಅಷ್ಟೇ ಗುರಿ. ಸೂತ್ರ ಹಳೆಯದು, ಫ್ರಾನ್ಸಿನ ವೈನ್ ವಿಜ್ಞಾನಿ ಗ್ಲೋರೀಸ್ 1984ರಲ್ಲಿ ಕೊಟ್ಟದ್ದು. 420, 520, 620 ನ್ಯಾನೋಮೀಟರ್‌ಗಳಲ್ಲಿ ಅಬ್ಸಾರ್ಬೆನ್ಸ್, ಅಂದರೆ ಆ ತರಂಗಾಂತರದ ಬೆಳಕನ್ನು ವೈನ್ ಎಷ್ಟು ಹೀರುತ್ತದೆ ಎಂಬ ಅಳತೆ, ಓದಬೇಕು. ಮೂರನ್ನೂ ಕೂಡಿದರೆ ಗಾಢತೆ. 420ರದ್ದನ್ನು 520ರದ್ದರಿಂದ ಭಾಗಿಸಿದರೆ ಛಾಯೆ. ಎಳೆ ವೈನ್‌ನ ಛಾಯೆ ಸುಮಾರು 0.5ರಿಂದ 0.7, ವಯಸ್ಸಾದಂತೆ ಏರುತ್ತಾ 1.2ರ ಆಸುಪಾಸಿಗೆ ಹೋಗುತ್ತದೆ.

ಉದಾಹರಣೆಗೆ 1 ಮಿ.ಮೀ. ಕುವೆಟ್‌ನಲ್ಲಿ (ಸ್ಯಾಂಪಲ್ ಹಾಕುವ ಪಾರದರ್ಶಕ ಪಾತ್ರೆ; ಅಳತೆ ಅದರೊಳಗೆ ಬೆಳಕು ಹಾಯುವ ದಾರಿಯದ್ದು) 0.310, 0.420, 0.085 ಬಂತೆನ್ನಿ. ಮೊತ್ತ 0.815. 1 ಸೆಂ.ಮೀ.ಗೆ ಹತ್ತರಿಂದ ಗುಣಿಸಿದರೆ ಗಾಢತೆ 8.15, ಛಾಯೆ 0.74.

ವಾರ 3: ಕುವೆಟ್

ಮಾಮೂಲಿ 10 ಮಿ.ಮೀ. ಕುವೆಟ್‌ಗೆ ಕೆಂಪು ವೈನ್ ಹಾಕಿದರೆ ಅಬ್ಸಾರ್ಬೆನ್ಸ್ 2 ದಾಟುತ್ತದೆ, ಆಮೇಲಿನ ಓದು ನಂಬುವಂಥದ್ದಲ್ಲ. ಹಾಗಂತ ನೀರು ಬೆರೆಸಿದರೆ ಇನ್ನೂ ಕೆಟ್ಟದ್ದು: ಪಿಎಚ್ ಮೇಲೇರುತ್ತದೆ, ಬಣ್ಣದ ಅಣುಗಳು ಒಂದಕ್ಕೊಂದು ಒತ್ತಿ ನಿಂತ ಗುಂಪುಗಳು ಬಿಚ್ಚಿಕೊಳ್ಳುತ್ತವೆ. ಹತ್ತು ಪಟ್ಟು ತೆಳುವಾದ ವೈನ್‌ನ ಓದು ಹತ್ತನೇ ಒಂದು ಭಾಗ ಬರುವುದಿಲ್ಲ. ಆದ್ದರಿಂದ ವೈನ್ ಹಾಗೇ ಇರಲಿ, ಬೆಳಕಿನ ದಾರಿ ಚಿಕ್ಕದಾಗಲಿ.

ಎರಡು ಮೈಕ್ರೋಸ್ಕೋಪ್ ಸ್ಲೈಡ್‌ಗಳ ನಡುವೆ ಮೂರನೇ ಸ್ಲೈಡ್‌ನ ಪಟ್ಟಿಗಳನ್ನಿಟ್ಟು ಮೂರು ಬದಿ ಅರಾಲ್ಡೈಟ್‌ನಿಂದ ಅಂಟಿಸಿದರೆ ಸುಮಾರು 1 ಮಿ.ಮೀ. ಸಂದು ಸಿಗುತ್ತದೆ. ಥಟ್ಟನೆ ಹಿಡಿಯುವ ಅಂಟು ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಬಿಡುತ್ತದೆ. ಸಂದಿನ ಅಳತೆಯನ್ನು ಸ್ಕೇಲಿನಿಂದಲ್ಲ, ಕೆಂಪು ಫುಡ್ ಕಲರ್‌ನಿಂದ ತೆಗೆಯಬೇಕು: ಅದೇ ದ್ರಾವಣ 10 ಮಿ.ಮೀ. ಕುವೆಟ್‌ನಲ್ಲಿ 1.200, ಇದರಲ್ಲಿ 0.130 ಓದಿದರೆ ದಾರಿ 1.08 ಮಿ.ಮೀ. ಆಗ ವೈನ್‌ನ ಲೆಕ್ಕದಲ್ಲಿ 10ರ ಬದಲು 10/1.08ರಿಂದ ಗುಣಿಸುವುದು.

ವಾರ 4, 5: ಬೆಳಕು

ಸೆನ್ಸರ್ ಎಎಸ್7341, ಬೆಳಕನ್ನು ತರಂಗಾಂತರವಾರು ಬೇರೆ ಬೇರೆ ಚಾನೆಲ್‌ಗಳಲ್ಲಿ ಓದುವಂಥದ್ದು; ಅದನ್ನು ನಡೆಸುವ ಕಂಟ್ರೋಲರ್ ಇಎಸ್‌ಪಿ32. ಡಬ್ಬದ ಒಳಗೆಲ್ಲ ಹೊಳಪಿಲ್ಲದ ಕಪ್ಪು ಕಾಗದ. ಮೊದಲು ಬಿಳಿ ಎಲ್‌ಇಡಿ ಹಾಕಿದ್ದು ತಪ್ಪಾಯಿತು. ಬಿಳಿ ಎಲ್‌ಇಡಿಯ ನೀಲಿ 450ರ ಹತ್ತಿರ ಇರುತ್ತದೆ, 415ರ ಚಾನೆಲ್‌ಗೆ ಬೆಳಕೇ ತಲುಪುವುದಿಲ್ಲ. ಅಲ್ಲಿ ಓದಿದ್ದು ಬರೀ ನಾಯ್ಸ್, ಛಾಯೆಯ ಅಂಕಿ ಪ್ರತಿ ಸಲವೂ ಬೇರೆ. ಈಗ 12 ವೋಲ್ಟ್ ಹ್ಯಾಲೋಜನ್ ಬಲ್ಬ್. ಅದಕ್ಕೆ ರೆಗ್ಯುಲೇಟೆಡ್ ಸಪ್ಲೈ ಬೇಕೇ ಬೇಕು. ನಮ್ಮೂರ ಕರೆಂಟಿನ ಏರಿಳಿತ ನೇರವಾಗಿ ಓದಿನಲ್ಲಿ ಕಾಣುತ್ತದೆ. ಬಲ್ಬ್ ಹತ್ತು ಸೆಂ.ಮೀ. ದೂರವಿರಲಿ, ಇಲ್ಲದಿದ್ದರೆ ವೈನ್ ಬಿಸಿಯಾಗಿ ಗುಳ್ಳೆ ಏಳುತ್ತದೆ. ಅರ್ಧ ಗಂಟೆ ಉರಿಸಿದ ಮೇಲೆಯೇ ಸೊನ್ನೆ (ಓದು ಶುರುವಾಗುವ ಮಟ್ಟ) ಹಿಡಿಯುವುದು.

ಬಳಸುವ ಚಾನೆಲ್‌ಗಳು 415, 515, 630. ಗ್ಲೋರೀಸ್ ಹೇಳಿದ್ದು ಅವಲ್ಲ, ಮೇಲಾಗಿ ಇವು ಪ್ರತಿಯೊಂದೂ ಹಿಡಿಯುವ ತರಂಗಾಂತರಗಳ ಪಟ್ಟಿ ಅಗಲ. ಹಾಗಾಗಿ ಪೆಟ್ಟಿಗೆಯ ಅಂಕಿಗೆ ಗ್ಲೋರೀಸ್ ಹೆಸರು ಹಚ್ಚುವುದು ಸುಳ್ಳಾಗುತ್ತದೆ. ಮೂವತ್ತು ಬಾಟಲಿಗಳನ್ನು ಕಾಲೇಜೊಂದರ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೂ ಓದಿಸಿ ಎರಡರ ನಡುವೆ ಗೆರೆ ಎಳೆಯುವ ಕೆಲಸ ಬಾಕಿ ಇದೆ.

ವಾರ 6, 7: ಸ್ಯಾಂಪಲ್

ಉಪಕರಣಕ್ಕಿಂತ ಸ್ಯಾಂಪಲ್ಲೇ ಹೆಚ್ಚು ಮೋಸ ಮಾಡುತ್ತದೆ. ಮನೆ ವೈನ್‌ನಲ್ಲಿ ಯೀಸ್ಟ್ ತೇಲುತ್ತಿರುತ್ತದೆ; ಬೆಳಕು ಚದುರಿದ್ದನ್ನೂ ಸೆನ್ಸರ್ ಬಣ್ಣ ಎಂದೇ ಎಣಿಸುತ್ತದೆ. 630ರ ಓದು ಅನುಮಾನ ಬರುವಷ್ಟು ಹೆಚ್ಚಿದ್ದರೆ ಮೊದಲು ಇದನ್ನೇ ನೋಡಿ. 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್, ಆಮೇಲೆ ಗುಳ್ಳೆ ಹೋಗುವಷ್ಟು ಅಲುಗಾಡಿಸುವುದು. ಫ್ರಿಜ್‌ನಿಂದ ತೆಗೆದ ವೈನನ್ನು ಮಳೆಗಾಲದಲ್ಲಿ ಕೂಡಲೇ ಸುರಿದರೆ ಸ್ಲೈಡ್‌ನ ಹೊರಮೈ ಮಂಜಾಗುತ್ತದೆ.

ಇನ್ನೊಂದು, ಸಲ್ಫೈಟ್. ಕೆಡದಿರಲೆಂದು ಮೆಟಾಬೈಸಲ್ಫೈಟ್ ಹಾಕಿದ ವೈನ್‌ನಲ್ಲಿ ಆಂಥೋಸಯಾನಿನ್‌ನ (ಕೆಂಪು ಬಣ್ಣ ಕೊಡುವ ದ್ರವ್ಯ) ಒಂದು ಪಾಲು ಬಣ್ಣ ಕಳೆದುಕೊಂಡಿರುತ್ತದೆ, ಹಾಳಾಗಿರುವುದಿಲ್ಲ. 2 ಮಿ.ಲೀ. ವೈನ್‌ಗೆ 10% ಅಸಿಟಾಲ್ಡಿಹೈಡ್ 20 ಮೈಕ್ರೋಲೀಟರ್ ಹಾಕಿ 45 ನಿಮಿಷ ಬಿಟ್ಟರೆ ಅದು ಸಲ್ಫೈಟನ್ನು ಹಿಡಿದುಕೊಂಡು ಕೆಂಪನ್ನು ಬಿಡಿಸುತ್ತದೆ. ಅಸಿಟಾಲ್ಡಿಹೈಡ್ ಸುಮಾರು 20 ಡಿಗ್ರಿಗೇ ಕುದಿಯುವಂಥದ್ದು. ಬಾಟಲಿ ಫ್ರಿಜ್‌ನಲ್ಲಿರಲಿ, ತೆರೆಯುವುದು ಕಿಟಕಿ ಪಕ್ಕದಲ್ಲಿ. ಈ ಸ್ಯಾಂಪಲ್ ಕುಡಿಯಲಿಕ್ಕಲ್ಲ.

ವರ್ಗಕ್ಕೆ ಸದ್ಯ ಛಾಯೆಯ ಮೇಲೆ ಮೂರೇ ಹೆಸರು: 0.7ರೊಳಗೆ ನೇರಳೆ, 1.0ರವರೆಗೆ ದಾಳಿಂಬೆ, ಅದರಾಚೆ ಮಂಗಳೂರು ಹೆಂಚು. ಗಡಿ ನಮ್ಮ ಅನುಕೂಲಕ್ಕೆ ಹಾಕಿಕೊಂಡದ್ದು. ನೇರಳೆಹಣ್ಣಿನ ವೈನ್‌ಗೆ ಇದು ಹೊಂದುವುದಿಲ್ಲ, ಅದರ ಬಣ್ಣದ್ರವ್ಯಗಳೇ ಬೇರೆ. ಆ ಬಾಟಲಿಗಳಿಗೆ ಪ್ರತ್ಯೇಕ ಹಾಳೆ.